ತಾಲೀಮಿನಲ್ಲಿ ಮಾತ್ರ ಆಡಿದ ನಾಟಕ

ಗೆಳೆಯ ಬಸೂ,

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನೀನು ಧಾರವಾಡದಿಂದ ಆ ನಾಟಕದ ಝೆರಾಕ್ಸ್ ಹಿಡಿದು ಬೈಲಹೊಂಗಲದ ನನ್ನ ಬಟ್ಟೆ ಅಂಗಡಿಗೆ ಬಂದ ಸಂಜೆ ಇನ್ನೂ ಕಣ್ಣಮುಂದಿದೆ. ಗಿರಾಕಿಗಳಿದ್ದರೂ ಲೆಕ್ಕಿಸದೆ ಶುರುಹಚ್ಚಿದೆ: "ಈರ್ಯಾ, ಲಂಡನ್‌ದಾಗ ಈಗ ಎಂಥಾ ನಾಟಕ ಆಡಾಕತ್ತಾರ ನೋಡಲೇ! ಇಬ್ಬರು ಗಂಡಸರು ಒಂದ ಮನ್ಯಾಗ ಸಂಸಾರ ಮಾಡ್ತಾರ. ಮೊದಲೆಲ್ಲಾ ಇಂಥವರು ನಾಟಕದಾಗ ಬಂದ್ರ ಒಂದೋ ನಗಸಾಕ ಬರತಿದ್ರು, ಇಲ್ಲಾ ಕಡೀಕ ಸಾಯಾಕ. ಇದರಾಗ ಯಾರೂ ಸಾಯಂಗಿಲ್ಲ. ಪಲ್ಯಾಕ ಉಪ್ಪು ಹೆಚ್ಚಾತಂತ ಜಗಳಾಡ್ತಾರ, ಅಷ್ಟ!" ಬಟ್ಟೆ ಹರಿಯುತ್ತಿದ್ದ ನನ್ನ ಕೈ ನಿಂತೇಬಿಟ್ಟಿತು. ಜಗತ್ತಿನಲ್ಲಿ ನಾನೊಬ್ಬನೇ ಇಂಥವನು ಎಂದುಕೊಂಡು ಮೂವತ್ತರ ಹತ್ತಿರ ಬಂದಿದ್ದೆ. ಉಪ್ಪಿಗಾಗಿ ಜಗಳಾಡುವಷ್ಟು ಆರಾಮಾಗಿ ನನ್ನಂಥವರೂ ಇರಬಹುದೆಂದು ನನಗೆ ಯಾರು ಹೇಳಿದ್ದರು?

ನೀನು ಕನ್ನಡಕ್ಕೆ ತಂದು ಓದಿ ಹೇಳಿದ ದಿನ ನಮ್ಮ ನಾಟಕ ಸಂಘದ ಗೌಡರು ಕಣ್ಣೊರೆಸಿಕೊಂಡರು. ಆಮೇಲೆ, "ಭಾಳ ಚಲೋ ಐತ್ರಿ ಮಾಸ್ತರ. ಅವರೊಳಗ ಒಬ್ಬಾವನ್ನ ಹೆಣ್ಣ ಮಾಡಿಬಿಡ್ರಿ" ಎಂದರು. ನೀನು ವಾದಿಸಿದೆ, ಸಿಟ್ಟಾದೆ, ಎದ್ದು ಹೋದೆ, ಮರುದಿನ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದೆ. ಎರಡನೆಯ ಗಂಡಸು ಹೆಂಡತಿಯಾದ; ಗಂಡನ ಪಾತ್ರ ನಿನ್ನದಾಯಿತು. ನಮ್ಮ ಕಡೆಯ ಪದ್ಧತಿ ಇದ್ದದ್ದೇ: ಸ್ತ್ರೀಪಾತ್ರಕ್ಕೆ ಗದಗಿನಿಂದ ಕರೆಸುವ ನಟಿ ಆಟದ ಹಿಂದಿನ ದಿನವಷ್ಟೇ ಬರುತ್ತಾಳೆ. ಅಲ್ಲಿಯವರೆಗೆ ತಾಲೀಮಿನಲ್ಲಿ ಅವಳ ಮಾತು ಹೇಳುವವನು ಪ್ರಾಂಪ್ಟರ್. ಅಂದರೆ ನಾನು.

ಶಾಲೆಯ ಕೋಣೆಯಲ್ಲಿ ನೀನು ಮೊದಲ ಸಲ ನನ್ನ ಕೈ ಹಿಡಿದಾಗ ಗೌಡರು ಚಹಾ ಹೀರುತ್ತಾ, "ಹಾಂ, ಹಂಗ ಹಿಡಕೋರಿ, ಗಟ್ಟಿಯಾಗಿ" ಎಂದರು. ಯಾರೂ ನಗಲಿಲ್ಲ. ತಾಲೀಮಲ್ಲವೇ! ಇಡೀ ತಿಂಗಳು ಆ ನಾಟಕ ಇದ್ದದ್ದು ಇದ್ದಹಾಗೆ ನಡೆಯಿತು, ಇಬ್ಬರು ಗಂಡಸರ ನಡುವೆ. "ನೀ ಬರೂತನಾ ನಾ ಉಣ್ಣಂಗಿಲ್ಲ" ಎಂದು ನೀನು ಅಂದಾಗಲೆಲ್ಲ ನಾನು ಮುಂದಿನ ಮಾತು ತಪ್ಪುತ್ತಿದ್ದೆ. ಅದು ಬರೀ ಪಾತ್ರವಾಗಿತ್ತೇ, ಬಸೂ? ಒಂದೊಂದು ದಿನ ನೀನು ನೋಡುತ್ತಿದ್ದ ರೀತಿ ನೋಡಿದರೆ...

ಸವದತ್ತಿಯಲ್ಲಿ ಆಟವಾದ ದಿನ ಆ ನಟಿ ಚಂದವಾಗಿಯೇ ಮಾಡಿದಳು, ಸುಳ್ಳೇಕೆ ಹೇಳಲಿ. ಜನ ಸಿಳ್ಳೆ ಹೊಡೆದರು. ನಾನು ಪರದೆಯ ಸಂದಿಯಲ್ಲಿ ಕುಳಿತು ನನ್ನ ಮಾತುಗಳನ್ನು ಒಂದೊಂದಾಗಿ ಅವಳಿಗೆ ಕೊಡುತ್ತಿದ್ದೆ. ಹೊಟ್ಟೆಕಿಚ್ಚಾಯಿತು, ಹೌದು. ಮುಂದಿನ ವರ್ಷ ನಿನ್ನ ಮದುವೆಯಲ್ಲಿ ಓಡಾಡಿ ಬಡಿಸಿದೆ, ನಿನ್ನ ಮಗಳಿಗೆ ಕಾಕಾ ಆದೆ.

ನೇಸರಗಿ ರಸ್ತೆಯಲ್ಲಿ ನಿನ್ನ ಗಾಡಿ ಉರುಳಿತೆಂದು ಸುದ್ದಿ ಬಂದಾಗ ಅಂಗಡಿಯ ಬಾಗಿಲು ಸಹ ಹಾಕದೆ ಓಡಿದೆ. ಮಣ್ಣು ಮಾಡುವಾಗ ನಿನ್ನ ಹೆಂಡತಿಯನ್ನು ಹೆಂಗಸರು ತಬ್ಬಿ ಹಿಡಿದಿದ್ದರು, ಕಾಲೇಜಿನವರು ಒಬ್ಬರಿಗೊಬ್ಬರು ಸಮಾಧಾನ ಹೇಳುತ್ತಿದ್ದರು. ನನಗೆ ಯಾರೋ, "ಸ್ವಲ್ಪ ಸರೀರಿ, ಮನೀಯವರು ಬರ್ಲಿ" ಎಂದರು. ಸರಿದೆ. ನಾನು ನಿನಗೆ ಏನಾಗಬೇಕೆಂದು ಹೇಳಿ ಅಲ್ಲಿ ನಿಲ್ಲಲಿ, ಹೇಳು?

ಮೊನ್ನೆ ರಾಮದುರ್ಗದಿಂದ ಅಕ್ಕ ಬಂದಿದ್ದಳು, ಎಂದಿನಂತೆ ಹೆಣ್ಣಿನ ಫೋಟೋ ಹಿಡಿದು. "ನಲವತ್ತಾದ್ರ ಏನಾತೋ? ಚಲೋ ಮನೆತನ ಐತಿ, ಹ್ಞೂಂ ಅನ್ನು" ಎಂದಳು.

"ಅಕ್ಕಾ, ನನಗ ಬಸೂ ಬೇಕಾಗಿದ್ದ" ಎಂದುಬಿಟ್ಟೆ.

ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಫೋಟೋವನ್ನು ಚೀಲಕ್ಕೆ ಹಾಕಿ ಕೇಳಿದಳು: "ಅವಂಗ ಹೇಳಿದ್ದೀ ಏನು?"

"ಇಲ್ಲ."

"ಅಯ್ಯ ನನ ಶಿವನ! ಮಂದೀದು ಅಷ್ಟೂ ಮಾತು ಬಾಯಿಪಾಠ ಮಾಡಿದಾವ, ನಿಂದು ಒಂದ ಮಾತು ಆಡಾಕ ಬರಲಿಲ್ಲೇನೋ ನಿನಗ?" ಎಂದು ನನ್ನನ್ನು ಎಳೆದು ತಬ್ಬಿಕೊಂಡು ಅತ್ತಳು. ನೀನು ಹೋದದ್ದಕ್ಕೆ ನನ್ನನ್ನು ತಬ್ಬಿಕೊಂಡು ಅತ್ತವಳು ಅವಳೊಬ್ಬಳೇ.

ಬರಲಿಲ್ಲ, ಬಸೂ. ನೀನಿದ್ದಾಗ ಬರಲಿಲ್ಲ.

ನಿನ್ನವ,
ಈರ್ಯಾ