ಸೋಮವಾರದ ಮಾತ್ರೆ

ತಂಗಿ ವರಲಕ್ಷ್ಮಿ,

ಇವತ್ತು ಸೋಮವಾರ, ನನಗೆ ಉಪವಾಸ. ಹಸು ಕರೆದು ಡೈರಿಗೆ ಹಾಲು ಹಾಕಿ, ದೇವರಿಗೆ ದೀಪ ಹಚ್ಚಿ, ಬೆಟ್ಟದ ಕೆಳಗಿನ ಇರುಳಿಗರ ಕಾಲೋನಿಗೆ ಹೋದೆ. ನೀನು ತೀರಿಕೊಂಡ ಮೇಲೂ ಈ ಆಶಾ ಕೆಲಸ ನನಗೆ ತಪ್ಪಿಲ್ಲ ಕಣೆ.

ಅಲ್ಲಿ ಮಾದೇವಿ ಅಂತ ಒಬ್ಬಳು, ಏಳು ತಿಂಗಳ ಬಸುರಿ. ಮೈಯಲ್ಲಿ ರಕ್ತವೇ ಇಲ್ಲ, ನಾಳೆಯೇ ಕನಕಪುರದ ಆಸ್ಪತ್ರೆಗೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದಾರೆ. ನೋಡಿದರೆ ನಾನು ಕೊಟ್ಟ ಕಬ್ಬಿಣದ ಮಾತ್ರೆ ಅರ್ಧಕ್ಕರ್ಧ ಹಾಗೇ ಇದೆ. ಯಾಕೆ ನುಂಗಲಿಲ್ಲ ಎಂದು ಗದರಿದೆ.

"ಸೋಮ್ವಾರ ಮಾದಪ್ಪಂದು, ಮಂಗ್ಳವಾರ ಸುಕ್ರವಾರ ಕಬ್ಬಾಳಮ್ಮಂದು. ದೇವ್ರ ದಿನ ಮಾತ್ರೆ ಮುಟ್ಬಾರ್ದು ಅಲ್ವಾ?"

"ಯಾವಳೇ ಹಂಗಂದೋಳು?"

"ನೀನೇ ಕಣಕ್ಕಾ. ಉಪಾಸ ಅಂತ ಸೋಮ್ವಾರ ಬೀಪಿ ಮಾತ್ರೆ ಬುಟ್ಬುಡ್ತೀನಿ ಅಂತಿದ್ದಲ್ಲ."

ಅವಳ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಕೇಳಬೇಡ. ಸೋಮವಾರದ ವ್ರತ ಮೊದಲು ಹಿಡಿದವಳು ನಾನು, ನನ್ನ ನೋಡಿ ಹಿಡಿದವಳು ನೀನು. ನಿನಗೂ ಬೀಪಿ ಇತ್ತು, ಸೋಮವಾರ ನೀನೂ ಮಾತ್ರೆ ಬಿಡುತ್ತಿದ್ದೆ.

ಚೀಲದಿಂದ ನನ್ನ ಮಾತ್ರೆ ತೆಗೆದು, ಅವರ ಬಿಂದಿಗೆಯ ನೀರಲ್ಲೇ ನುಂಗಿದೆ. ಮಾದೇವಿಯೂ ತನ್ನದು ನುಂಗಿದಳು. ಆಸ್ಪತ್ರೆಯ ಮಾತಿಗೆ ಮಾತ್ರ, "ಗಂಡನ್ನ ಕೇಳಿ ಯೋಳ್ತೀನಿ" ಅಂದಳು. ಅವನು ಕೂಲಿ ಮುಗಿಸಿ ಬರುವುದು ಸಂಜೆಗೆ.

ಈಗ ಸಂಜೆಯಾಗಿದೆ. ನಿನ್ನ ಗಂಡ ಚಿಕ್ಕರಾಜು ನಮ್ಮ ಮನೆ ಬಾಗಿಲಲ್ಲಿ ಬೈಕು ನಿಲ್ಲಿಸಿದ್ದಾರೆ. "ಒಸಿ ಕಾಲೋನಿಗೋಗಿ, ಮಾದೇವಿ ಏನಂದ್ಲು ಕೇಳ್ಕಂಡು ಬನ್ನಿ," ಎಂದು ಹೇಳಿದ್ದೇನೆ. "ಆಸ್ಪತ್ರೆಗೆ ಬರಕಿಲ್ಲ ಅಂದ್ರೆ ಅಲ್ಲೇ ನಿಂತಿರಿ, ನಾನೇ ಬತ್ತೀನಿ."