ಫಕೀರವ್ವಜ್ಜಿ ಹೆಸರು ಹೇಳದ ಕಷಾಯ

ಹದಿಮೂರನೆಯ ತಿಂಗಳು, ಮೂವತ್ತಮೂರನೆಯ ತಾರೀಖು. ನಿನ್ನ ಲೆಕ್ಕದಲ್ಲಿ ಇನ್ನೂ ಹುಟ್ಟದ ವರ್ಷ.
ಕೋಶಗುಡ್ಡ, ಗದಗ ಸೀಮೆ.

ಫಕೀರವ್ವಜ್ಜಿಗೆ ನಿನ್ನ ಮರಿಮಗನ ಮೊಮ್ಮಗ ದ್ಯಾಮಣ್ಣ ಮಾಡುವ ಶರಣಾರ್ಥಿ.

ತಾರೀಖು ಓದಿ ಗಾಬರಿಯಾಗಬೇಡ. ನಿಮ್ಮ ಕಾಲದಲ್ಲಿ ಅಧಿಕ ಮಾಸ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತಂತೆ, ನಮಗೆ ಪ್ರತಿ ವರ್ಷವೂ ಬರುತ್ತದೆ, ತಿಂಗಳೂ ನಿಮ್ಮದಕ್ಕಿಂತ ಉದ್ದ. ತಿಳಿಯದ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಓದಿದವ. ಆದರೆ ಆ ಶಾಲೆಯಲ್ಲಿ ನನ್ನಷ್ಟು ದುಂಡಗೆ ಅಕ್ಷರ ಬರೆದವರು ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ. ಆಮೇಲೆ ಶಾಲೆಯೇ ಮುಚ್ಚಿತು, ಆ ಮಾತು ಬೇರೆ.

ನಾನೀಗ ಕೋಶಪಾಲ. ದನ ಕಾಯುವವ ಗೋಪಾಲನಾದರೆ ಜೀವಕೋಶ ಕಾಯುವವ ಕೋಶಪಾಲ. ನಮ್ಮಲ್ಲಿ ರೋಗಿಗೆ ಯಾವ ಔಷಧಿಯನ್ನೂ ನೇರ ಕೊಡುವುದಿಲ್ಲ. ಗಡ್ಡೆಯ ಚೂರು ತೆಗೆದು, ಅದರ ಕೋಶಗಳನ್ನು ಹೆಬ್ಬೆರಳಿನಷ್ಟು ಗಾಜಿನ ಕುಡಿಕೆಯಲ್ಲಿ ಬೆಳೆಸಿ, ಮೊದಲು ಅವಕ್ಕೆ ಕುಡಿಸುತ್ತೇವೆ. ಇದಕ್ಕೆ ಎಡೆ ಹಿಡಿಯುವುದು ಎನ್ನುತ್ತಾರೆ. ನೀವು ಹಿರಿಯರಿಗೆ ಎಡೆ ಹಿಡಿದು ಆಮೇಲೆ ಉಣ್ಣುತ್ತಿದ್ದಿರಲ್ಲ, ಹಾಗೆ. ಕುಡಿಕೆಗಳನ್ನು ನೋಡಿಕೊಳ್ಳುವುದು ಯಂತ್ರ, ಯಂತ್ರವನ್ನು ನೋಡಿಕೊಳ್ಳುವವನು ನಾನು, ನನ್ನನ್ನು ನೋಡಿಕೊಳ್ಳಲು ಇಡೀ ಗುಡ್ಡದಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಪಾಚಿಹಿಟ್ಟಿನ ರೊಟ್ಟಿ ಬಡಿಯುತ್ತೇನೆ. ಪಾಚಿಹಿಟ್ಟು ಎಂದರೆ ಕೆರೆಯ ಪಾಚಿ ಒಣಗಿಸಿ ಬೀಸಿದ್ದು. ಹಸಿರಾಗಿರುತ್ತದೆ, ಜೋಳವೆಂದು ನಂಬಿ ತಿನ್ನಬೇಕು. ಒಂದು ತಿನ್ನುತ್ತೇನೆ, ಎರಡನೆಯದನ್ನು ಯಾರಿಗೆ ಬಡಿದೆ ಎಂದು ನೋಡುತ್ತ ಕೂರುತ್ತೇನೆ.

ಇಲ್ಲಿ ನೀನೂ ಇದ್ದೀ. ನಿನ್ನ ಎದೆಯ ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಚೂರನ್ನು ಯಾರೋ ಪುಣ್ಯಾತ್ಮರು ತಣ್ಣಗೆ ಕಾದಿಟ್ಟಿದ್ದರು. ನೀನು ಮಣ್ಣಾಗಿ ತಲೆಮಾರುಗಳು ಕಳೆದರೂ ಅದರ ಕೋಶಗಳು ಬದುಕಿವೆ. ದಿನಾ ಸಂಜೆ ಅವಕ್ಕೆ ಮೇವು ಹಾಕಿ ಊರ ಸುದ್ದಿ ಹೇಳುತ್ತೇನೆ. ಊರಿಲ್ಲ, ಆದ್ದರಿಂದ ಸುದ್ದಿಯನ್ನು ನಾನೇ ಹುಟ್ಟಿಸಬೇಕಾಗುತ್ತದೆ.

ಅದೇ ಗಡ್ಡೆ ಈಗ ನನ್ನ ಅಣ್ಣನ ಮಗಳು ಗುರುಬಾಯಿಗೆ ಬಂದಿದೆ. ನನಗೆ ಉಳಿದಿರುವುದು ಅವಳೊಬ್ಬಳೇ. ಗುಡ್ಡದ ಕೆಳಗಿನ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಮಲಗಿದ್ದಾಳೆ. ಮೈಯಲ್ಲಿ ಕಸುವಿಲ್ಲ, ಯಾರ ಉಸಿರೂ ತಾಗಬಾರದು. ಗಾಜಿನಾಚೆ ನಿಂತು, ಓಡುವ ಗಾಳಿಗಾಡಿಯನ್ನು ನಾನು ಬರಿಗೈಯಲ್ಲಿ ನಿಲ್ಲಿಸಿದ ಕಥೆ ಹೇಳಿದರೆ, "ಕಾಕಾ, ಹೋದ ವಾರ ಎರಡೂ ಕೈಲೆ ಹಿಡಿದಿದ್ದಿ, ಇವತ್ತ ಒಂದ ಕೈಗೆ ಬಂತಲ್ಲ" ಎನ್ನುತ್ತಾಳೆ. ಬಡಾಯಿ ಕೊಚ್ಚುವವನಿಗೆ ನಂಬುವವರು ಬೇಡ ಅಜ್ಜಿ, ಹೀಗೆ ಹಿಡಿದು ಕೇಳುವವರು ಒಬ್ಬರು ಬೇಕು.

ಹೊಸ ಔಷಧಿಗಳೆಲ್ಲ ಅವಳಲ್ಲಿ ಸೋತವು. ಉಳಿದದ್ದು ನಿನಗೆ ಕೊಟ್ಟ ಹಳೆಯ ಔಷಧಿ. ನಿನ್ನ ಕೋಶಗಳಿಗೆ ಅದನ್ನು ಎಡೆ ಹಿಡಿದೆ, ಸಾಯಲಿಲ್ಲ. ಕೋಶದ ಗೋಡೆಯಲ್ಲಿ ಪುಟ್ಟ ಪಂಪುಗಳಿವೆ. ಔಷಧಿ ಒಳಗೆ ಬಂದಷ್ಟೂ, ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹಾಕುವ ಹಾಗೆ, ಹೊರಗೆ ಚೆಲ್ಲುತ್ತವೆ. ಗುರುಬಾಯಿಯ ಕೋಶಗಳದೂ ಅದೇ ಚಾಳಿ. ಹಾಗಾದರೆ ಅದೇ ಔಷಧಿಯಿಂದ ನೀನು ಗುಣವಾಗಿ ತೊಂಬತ್ತು ತುಂಬಿಸಿದ್ದು ಹೇಗೆ? ಮನೆತನದಲ್ಲಿ ಬಂದ ಮಾತೊಂದಿದೆ. ಆಸ್ಪತ್ರೆಗೆ ಹೋಗುವಾಗಲೆಲ್ಲ ನೀನು ಸೆರಗಿನಡಿ ಒಂದು ಸೀಸೆ ಕಷಾಯ ಒಯ್ಯುತ್ತಿದ್ದೆಯಂತೆ. ಡಾಕ್ಟರು ಏನದು ಎಂದರೆ "ಜೀರಿಗಿ ನೀರ್ರಿ ಸಾಹೇಬ್ರ" ಎನ್ನುತ್ತಿದ್ದೆಯಂತೆ. ಸೊಸೆಯರು ಕೇಳಿದರೆ, "ಹೆಸರ ಹೇಳಿದ್ರ ಮದ್ದಿನ ಗುಣಾ ಹೋಗತೈತಿ, ಸುಮ್ನಿರ್ರೆ" ಎಂದು ಬಾಯಿ ಮುಚ್ಚಿಸುತ್ತಿದ್ದೆಯಂತೆ. ಆ ಗಿಡದಲ್ಲಿದ್ದ ಏನೋ ಒಂದು ಪಂಪುಗಳನ್ನು ಕಟ್ಟಿಹಾಕಿರಬೇಕು ಎಂದು ನಮ್ಮ ಡಾಕ್ಟರ್ ನಜ್ಮಾಬಾನು ಹೇಳುತ್ತಾರೆ. ಅದು ಯಾವ ಗಿಡ?

ಔಷಧಿಯ ಜೊತೆ ಒಂದೊಂದನ್ನೇ ಕುಡಿಕೆಗೆ ಬೆರೆಸಿ ಹುಡುಕಿದ್ದೇನೆ. ಬೇವು, ಅಮೃತಬಳ್ಳಿ, ಲೋಳೆಸರ, ಜೀರಿಗೆಯನ್ನೂ ಬಿಟ್ಟಿಲ್ಲ. ಅರಿಶಿನ ಹಾಕಿದ ದಿನ ಕುಡಿಕೆಯ ಕೋಶಗಳೆಲ್ಲ ಸತ್ತವು. ಗುಡ್ಡ ಇಳಿದು ಆಸ್ಪತ್ರೆಯಲ್ಲಿ ಸಿಕ್ಕವರಿಗೆಲ್ಲ ಗೆದ್ದೆನೆಂದು ಸಾರಿದೆ. ನಜ್ಮಾಬಾನು ಬಂದು ನೋಡಿ, "ದ್ಯಾಮಣ್ಣ, ಕುಡಿಕ್ಯಾಗ ಸುಣ್ಣಾ ಹಾಕಿದ್ರೂ ಸಾಯ್ತಾವ. ಬಾಜೂ ಕುಡಿಕ್ಯಾಗಿನ ಒಳ್ಳೆ ಕೋಶಾನೂ ಸತ್ತಾವಲ್ಲ, ನೋಡೀರೇನು?" ಎಂದರು. ಮೇಲಾಗಿ ಅರಿಶಿನ ತಿಂದರೆ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಬಲು ಕಡಿಮೆಯಂತೆ. ಕುಡಿಕೆಯಲ್ಲಿ ಗೆದ್ದದ್ದು ಮೈಯಲ್ಲಿ ಗೆಲ್ಲಬೇಕೆಂದಿಲ್ಲ. ಯಾವುದೋ ಬೇರು ಕುದಿಸಿ ಕೊಟ್ಟೇಬಿಡೋಣವೆಂದರೆ, ಅದು ಒಳ್ಳೆಯ ಕೋಶಗಳ ಪಂಪನ್ನೂ ಕಟ್ಟಿ ಔಷಧಿಯನ್ನೇ ವಿಷ ಮಾಡೀತು. ನೀನು ತುಳಿದಾಡಿದ ಗಿಡಗಳಲ್ಲಿ ಅರ್ಧ ನಮ್ಮ ಕಾಲಕ್ಕೆ ಬೀಜಕ್ಕೂ ಉಳಿದಿಲ್ಲ.

ಅದಕ್ಕೇ ಈ ಕಾಗದ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸೀಸೆಯನ್ನು ಮೇಜಿನ ಮೇಲಿಡು. ಯಾವ ಗಿಡ, ಎಲೆಯೋ ಬೇರೋ, ಎಷ್ಟು ಕುದಿಸಿದೆ, ಔಷಧಿಗೆ ಮುಂಚೆ ಕುಡಿದೆಯೋ ಆಮೇಲೋ, ಎಲ್ಲವನ್ನೂ ಡಾಕ್ಟರಿಗೆ ಹೇಳು. ಬೈದರೆ ಬೈಸಿಕೊ. ಹೆಸರು ಹೇಳಿದರೆ ಗುಣ ಹೋಗುವುದಿಲ್ಲ. ನಿನ್ನ ಕೋಶಗಳನ್ನು ಸಾಕಿದವನು ಹೇಳುತ್ತಿದ್ದೇನೆ, ಅವಕ್ಕೆ ಕಿವಿಯಿಲ್ಲ.

ನಾಳೆ ಬೆಳಿಗ್ಗೆ ಗುರುಬಾಯಿಗೆ ಆ ಹಳೆಯ ಔಷಧಿ ಶುರು, ಕಷಾಯವಿಲ್ಲದ ಬರೀ ಔಷಧಿ. ಇನ್ನು ಕಾಯುವ ಹಾಗಿಲ್ಲ. ಹಿಂದಿನ ಕಾಲಕ್ಕೆ ಟಪಾಲು ಹೋಗುವುದಿಲ್ಲ ಎಂದು ನಜ್ಮಾಬಾನು ಹೇಳಿದರು. ಹೋಗುತ್ತದೆ ಎಂದು ನಾನು ವಾದಿಸಿದೆ, ವಾದದಲ್ಲಿ ಗೆದ್ದೆ ಕೂಡ. ಆದರೆ ಬರೆಯುತ್ತ ಬರೆಯುತ್ತ ಒಂದು ಮಾತು ಹೊಳೆಯಿತು. ನೀನು ಹೇಳಿದ್ದರೆ ಆ ಗಿಡದ ಹೆಸರು ಇಷ್ಟು ಹೊತ್ತಿಗೆ ಮಕ್ಕಳಿಗೂ ಗೊತ್ತಿರುತ್ತಿತ್ತು. ಗುರುಬಾಯಿ ಗಾಜಿನಿಂದ ಹೊರಗಿರುತ್ತಿದ್ದಳು. ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ.

ಬರೆದು ಮುಗಿಸಿದೆ, ಅಜ್ಜಿ. ಕಾಗದ ಇನ್ನೂ ನನ್ನ ಕೈಯಲ್ಲೇ ಇದೆ.

ನಿನ್ನ,
ದ್ಯಾಮಣ್ಣ