ನಟ್ಟಿಗೆ ಸುಣ್ಣದ ಗೆರಿ

ಬೆಳಗಾವಿ, ೧೮ ನವೆಂಬರ್ ೧೯೨೭, ಶುಕ್ರವಾರ

ಇವತ್ತ ನಾ ಗೆದ್ದೆ! ಸೊಂಟ ಬಿದ್ದು ಹೋಗೇತಿ, ಆದರೂ ಇದನ್ನ ಬರೀದ ಮಲಗೂದಿಲ್ಲ.

ನಮ್ಮ ಮನಿಯವರ ಫಟಫಟಿ ಮೋಟಾರ್ ಸೈಕಲ್ಲಿನ ಒಂದೊಂದು ನಟ್ಟಿಗೂ ನಾ ಸುಣ್ಣದ ಗೆರಿ ಎಳೀತೀನಿ, ನಟ್ಟಿನಿಂದ ಬಾಜೂ ಕಬ್ಬಿಣದ ತನಕ. ನಟ್ಟು ಸಡಲಾದರ ಗೆರಿ ಮುರದು ಕಣ್ಣಿಗೆ ಕಾಣತೈತಿ. "ಡಾಕ್ಟರ ಗಾಡಿಗೆ ರಂಗೋಲಿ ಹಾಕತೀಯೇನ?" ಅಂತ ಇವರು ವರ್ಷದಿಂದ ನಗಾಕತ್ತಿದ್ರು.

ಇವತ್ತ ಇಬ್ಬರೂ ಜಾಂಬೋಟಿಗೆ ಹೆರಿಗಿ ಮಾಡಸಾಕ ಹೊಂಟಿದ್ವಿ. ಖಾನಾಪುರದಾಗ ನೀರ ಕುಡಿಯಾಕ ನಿಂತಾಗ ನೋಡಿದೆ, ಹಿಂದಿನ ಗಾಲಿ ನಟ್ಟಿನ ಗೆರಿ ಮುರದಿತ್ತು.

"ತಡಾ ಆಗತೈತಿ, ಹತ್ತು ಕಾಂತಾ."

"ನೀವು ಪಾನಾ ಹಚ್ಚಿ ನಟ್ಟು ಬಿಗಿ ಮಾಡೂತನಕಾ ನಾ ಹತ್ತೂದಿಲ್ರಿ."

ಸಿಟ್ಟಿಲೆ ಪಾನಾ ತಗದ್ರು. ಪಾನಾ ಯಾಕ, ನಟ್ಟು ಬರೇ ಬೆರಳಿಗೇ ತಿರುಗಿತು! ಮುಂದ ಇದ್ದದ್ದು ಅಡವಿಯ ಕಲ್ಲದಾರಿ. ಇವರ ಮಾರಿ ಸುಣ್ಣಕಿಂತ ಬೆಳ್ಳಗಾತು. ಪಾನಾ ಹಚ್ಚಿ ಗಟ್ಟಿ ಬಿಗದ್ರು. ನಾ ಒಳಗೊಳಗ ಕುಣದಾಡಿಬಿಟ್ಟೆ.

ಮಧ್ಯಾಹ್ನ ಹೆಣ್ಣಕೂಸು ಹುಟ್ಟಿತು, ತಾಯಿನೂ ಆರಾಮ ಅದಾಳ. ಆ ಕೂಸಿನ ಅಳು ಕೇಳಿ ನನಗ ಆ ನಟ್ಟು ನೆನಪಾತು. ನಾವು ಹೊತ್ತಿಗೆ ಬಂದು ಮುಟ್ಟದೇ ಇದ್ದಿದ್ರ...

ತಿರುಗಿ ಹೊಂಡೂ ಮುಂದ ಇವರೇ ಗಾಡಿ ಸುತ್ತ ಕುಂತು ಎಲ್ಲಾ ನಟ್ಟು ನೋಡಿದ್ರು. ಆಮ್ಯಾಲೆ ನನ್ನ ಕಡೆ ಕೈ ಚಾಚಿ, "ಸುಣ್ಣದ ಡಬ್ಬಿ ಕೊಡು" ಅಂದ್ರು. ಎಳದದ್ದು ಸೊಟ್ಟ ಗೆರಿ. ಅದರಷ್ಟು ಚಂದದ ಗೆರಿ ನಾ ನೋಡಿಲ್ಲ.

ಈಗ ಅತ್ತಿಯವರು ಎಲಿ-ಅಡಿಕಿ ಹಾಕೊಳಾಕ ಕುಂತು ತಮ್ಮ ಸುಣ್ಣದ ಡಬ್ಬಿ ಹುಡುಕಾಕತ್ತಾರ. ಅದು ಇವರ ಪಾನಾದ ಚೀಲದಾಗ ಐತಿ. ನನ್ನ ಕೇಳಿದ್ರ, ನಿಮ್ಮ ಮಗನ್ನ ಕೇಳ್ರಿ ಅಂತೀನಿ.